ಅಪ್ಪನ ವಲ್ಲಿಯ ಮೆಣಸಿನಕಾಯಿ

ನನಗೆ ಸಿಟ್ಟು ಬಂದದ್ದು ಫ್ರಾನ್ಸಿನಲ್ಲಿ, ಅದನ್ನು ತೀರಿಸಿಕೊಂಡದ್ದು ಬ್ಯಾಡಗಿಯಲ್ಲಿ.

ತೊಂಬತ್ತರ ದಶಕದ ಮಾತು. ನನ್ನ ಮೈದುನ ಬೋರ್ಡೋದಲ್ಲಿ ಓದುತ್ತಿದ್ದ. ದ್ರಾಕ್ಷಿ ಮದ್ಯಕ್ಕೆ ಶತಮಾನಗಳಿಂದ ಹೆಸರಾದ ಊರದು. ನಾನು, ನನ್ನ ಗಂಡ ಹಾವೇರಿಯಿಂದ ಅವನನ್ನು ನೋಡಲು ಹೋಗಿದ್ದೆವು. ನದಿ ದಂಡೆಯ ಹಳೆಯ ಕಟ್ಟಡಗಳನ್ನು ನೋಡಿ ಮುಗಿದ ಮೇಲೆ ಸುತ್ತಲಿನ ಊರುಗಳಿಗೆ ರೈಲಿನಲ್ಲಿ ತಿರುಗಿದೆವು. ಹಾವೇರಿಯಿಂದ ಬ್ಯಾಡಗಿಗೋ ರಾಣೇಬೆನ್ನೂರಿಗೋ ಹೋದಷ್ಟೇ ದಾರಿ. ಕಿಟಕಿಯಾಚೆ ಹತ್ತಿ, ಮೆಣಸಿನ ಗಿಡಗಳ ಬದಲು ದ್ರಾಕ್ಷಿ ಬಳ್ಳಿಗಳ ಸಾಲು.

ಸೇಂತ್ ಎಮಿಲಿಯೋಂ ಎಂಬ ಕಲ್ಲಿನ ಊರಲ್ಲಿ ಇಳಿದು ಏರು ಹತ್ತಿದೆವು. ಮದ್ಯ ಇಡುವ ನೆಲಮಾಳಿಗೆಯೊಂದರ ಬಾಗಿಲಲ್ಲಿ ನನ್ನ ಗಂಡ ನಿಂತುಬಿಟ್ಟರು.

“ಸೆರೆ ಅಂಗಡ್ಯಾಗ ಕಾಲಿಟ್ಟಿವಿ ಅಂತ ಊರಾಗ ಗೊತ್ತಾದ್ರ ಮಂದಿ ಏನಂದಾರು?”

“ಇಲ್ಲಿ ಹಾವೇರಿ ಮಂದಿ ಯಾರ್ ಕುಂತಾರ್ರೀ ನೋಡಾಕ?” ಎಂದು ನಾನು ಒಳಗೆ ಹೋದೆ.

ಒಳಗೆ ನನ್ನ ವಯಸ್ಸಿನ ಹೆಂಗಸೊಬ್ಬಳು ಗಾಜಿನ ಲೋಟವನ್ನು ಮೂಗಿಗೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಮುದಿ ತಂದೆ, ಎದುರಿಗೆ ಕೊಳ್ಳಲು ಬಂದ ವ್ಯಾಪಾರಿ. ಅವಳು ಮೂಸಿ ಏನೋ ಹೇಳಿದಳು. ವ್ಯಾಪಾರಿ ತಂದೆಯ ಮುಖ ನೋಡಿದ. ಮುದುಕ ಮಗಳ ಕಡೆ ಕೈ ತೋರಿಸಿ ಒಂದು ಮಾತಾಡಿದ. ಏನೆಂದು ಮೈದುನನನ್ನು ಕೇಳಿದೆ.

“‘ಮೂಗು ಆಕೀದು, ಆಕೀನ್ನ ಕೇಳ್ರಿ’ ಅಂದಾನ, ಅತ್ತಿಗಿ.”

ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಅಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಖರೀದಿದಾರ. ನಾನು ಲಂಗ ಉಡುತ್ತಿದ್ದಾಗಿನಿಂದಲೂ ಮಧ್ಯಾಹ್ನ ಊಟಕ್ಕೆ ಬರುವಾಗ ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ನಾಲ್ಕಾರು ಕಾಯಿ ಗಂಟು ಕಟ್ಟಿ ತರುತ್ತಿದ್ದ. “ಮೂಸಿ ನೋಡವ್ವಾ.” ನಾನು ಕಾಯಿ ಮುರಿದು ಮೂಸಿ, ಯಾವುದು ಇಬ್ಬನಿಗೆ ನೆಂದದ್ದು, ಯಾವುದು ಹಳೆಯದು ಎಂದು ಹೇಳುತ್ತಿದ್ದೆ. ಅಪ್ಪ ರೊಟ್ಟಿ ತಿಂದು ಹೋಗಿ ಮಾರ್ಕೆಟ್ಟಿನಲ್ಲಿ ಅದನ್ನೇ ಮೀಸೆ ತಿರುವಿ ಹೇಳುತ್ತಿದ್ದ. ಊರೆಲ್ಲ ಅಪ್ಪನ ಮೂಗನ್ನು ಹೊಗಳುತ್ತಿತ್ತು. ನನ್ನ ಮದುವೆಯಾದ ಮೇಲೂ ಬಿಡಲಿಲ್ಲ. ಸುಗ್ಗಿಯಲ್ಲಿ ವಲ್ಲಿಯ ಗಂಟಿನೊಂದಿಗೆ ಪ್ಯಾಸೆಂಜರ್ ಗಾಡಿ ಹತ್ತಿ ಹಾವೇರಿಗೇ ಬರುತ್ತಿದ್ದ. ಮಗಳ ಮೇಲೆ ಎಷ್ಟು ಮಾಯೆ ಎನ್ನುತ್ತಿದ್ದರು ನಮ್ಮ ಅತ್ತೆ. ಮಾಯೆ ಇದ್ದದ್ದು ಮೆಣಸಿನಕಾಯಿಯ ಮೇಲೆ.

ನಾನೇ ಮಾರ್ಕೆಟ್ಟಿಗೆ ಬರುತ್ತೇನೆ ಎಂದು ಒಮ್ಮೆ ಕೇಳಿದ್ದೆ.

“ಹೆಣ್ಮಕ್ಕಳು ಅಲ್ಲಿ ಬರಬಾರದು,” ಎಂದಿದ್ದ ಅಪ್ಪ.

“ಮಾರ್ಕೆಟ್ ತುಂಬ ಹೆಣ್ಮಕ್ಕಳೇ ಕುಂತು ತುಂಬು ಬಿಡಸ್ತಾರಲ್ಲ?”

“ಅವರು ಕೂಲಿಗೆ ಬಂದವ್ರು.”

ಇದೆಂಥ ನ್ಯಾಯ ಎಂದು ಇವತ್ತಿಗೂ ಕೇಳುತ್ತೇನೆ. ನೆಲದ ಮೇಲೆ ಕೂತು ದಿನವಿಡೀ ಕಾಯಿಯ ತೊಟ್ಟು ಬಿಡಿಸುವ ಹೆಂಗಸು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಯಜಮಾನ ಕೂರುವ ಗಾದಿಯ ಪಕ್ಕ ನಿಂತು ಬಾಯಿ ಬಿಟ್ಟರೆ ಮಾತ್ರ ಮನೆತನದ ಮಾನ ಹೋಗುತ್ತದೆ. ಮೂಗು ಬೇಕು, ಮೂಗಿನ ಒಡತಿ ಬೇಡ.

ಊರಿಗೆ ಮರಳಿದ ವಾರವೇ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದು, ತವರುಮನೆಗೆ ಹೋಗದೆ ನೇರ ಮಾರ್ಕೆಟ್ಟಿಗೆ ನಡೆದೆ. ಅಪ್ಪನ ಅಂಗಡಿಯ ಮುಂದೆ ಕಾಯಿ ಮಾರಲು ಬಂದ ವ್ಯಾಪಾರಿಯೊಬ್ಬ ಚೀಲ ಬಿಚ್ಚಿ ನಿಂತಿದ್ದ. ಅಪ್ಪ ಅದರಿಂದ ಕಾಯಿ ತೆಗೆದು ವಲ್ಲಿಯ ತುದಿಗೆ ಗಂಟು ಹಾಕುತ್ತಿದ್ದ. ನನ್ನನ್ನು ಕಂಡದ್ದೇ ಅವನ ಕೈ ನಿಂತಿತು.

“ಮನೀಗೆ ನಡಿಯವ್ವಾ. ನಾ ತರ್ತೇನಿ.”

“ತರೂದ್ಯಾಕ? ಮೂಗು ಇಲ್ಲೇ ಬಂದೈತಿ.”

ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಮುರಿದು ಮೂಸಿದೆ. “ಹೋದ ವರ್ಷದ್ದು ಇದು. ಎಣ್ಣಿ ಸವರಿ ಹೊಳಪು ತಂದಾರ.”

ವ್ಯಾಪಾರಿ ಚೀಲದ ಬಾಯಿ ಮುಚ್ಚುತ್ತ ಕೇಳಿದ, “ಇವ್ರು ಯಾರ್ರೀ?”

ಹಮಾಲರೂ ತಿರುಗಿ ನೋಡಿದರು. ಆ ಫ್ರಾನ್ಸಿನ ಮುದುಕ ಆಡಿದ ಒಂದು ಮಾತಿಗಾಗಿ ನಾನು ಅಪ್ಪನ ಬಾಯಿ ನೋಡುತ್ತ ನಿಂತೆ.

“ಮಗಳ್ರೀ,” ಎಂದ ಅಪ್ಪ. “ಚಾ ಕುಡ್ಯಾಕ ಬಂದಾಳ.”

ನಾನು ಚಪ್ಪಲಿ ಬಿಟ್ಟು ಅಂಗಡಿಯೊಳಗೆ ಹೋಗಿ, ಅಪ್ಪನ ಗಾದಿಯ ಮೇಲೆ ಕೂತೆ.

“ಹಂಗಾರ ಚಾ ಇಲ್ಲೇ ತರಸು. ಮುಂದಿನ ಚೀಲಾನೂ ಬಿಚ್ಚಸು.”