ಕಣ ಬಿಟ್ಟ ಪೈಲ್ವಾನರು

ಹಾಲೇಗೌಡರು ಇಪ್ಪತ್ತೆರಡು ವರ್ಷ ಕುಸ್ತಿಯಿಂದಲೇ ಅನ್ನ ದುಡಿದ ಪೈಲ್ವಾನರು. ಕೊಲ್ಲಾಪುರದಿಂದ ಮೈಸೂರಿನವರೆಗೆ ಅವರು ಮಣ್ಣು ಮುಕ್ಕಿಸಿದ ಜಟ್ಟಿಗಳು ಒಬ್ಬಿಬ್ಬರಲ್ಲ. ಆಮೇಲೆ ಊರಿಗೆ ಮರಳಿ ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ಮೇಸ್ತ್ರಿಯಾದರು. ಮಗಳು ರಕ್ಷಾ ಕೊನೆಯ ಕುಸ್ತಿಯ ಮಾತೆತ್ತಿದರೆ ಮಾತ್ರ, "ಸೋತೆ ಕಣೇ, ಬಿಡು" ಎಂದು ಎದ್ದುಹೋಗುತ್ತಿದ್ದರು.

ಮೊನ್ನೆ ಬೆಳಿಗ್ಗೆ ಬಸ್ಸಿಳಿದು ಮನೆ ಹುಡುಕಿಕೊಂಡು ಬಂದ ಮುದುಕರೊಬ್ಬರು ಅಂಗಳದಲ್ಲೇ ನಿಂತು ಬಲಗೈಯನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿದರು. ಆ ಕೊನೆಯ ಕುಸ್ತಿಯಲ್ಲಿ ಅಪ್ಪನನ್ನು ಗೆದ್ದ ಬೆಳಗಾವಿಯ ಪರಸಪ್ಪ ಅವರೇ ಎಂದು ರಕ್ಷಾಗೆ ಆಮೇಲೆ ತಿಳಿಯಿತು.

"ಈ ಕೈ ನಿಮ್ಮಪ್ಪ ಉಳಿಸಿಕೊಟ್ಟಿದ್ದವ್ವಾ," ಎಂದರು ಪರಸಪ್ಪ, ಪಕ್ಕದಲ್ಲಿದ್ದ ಹಾಲೇಗೌಡರನ್ನು ತೋರಿಸಿ. "ಅವತ್ತ ನನ್ನ ಭುಜ ಕಳಚಿ ಕೈ ಜೋತುಬಿತ್ತು. ಒಂದ ನೂಕು ನೂಕಿದ್ರ ಬೆಳ್ಳಿ ಗದಾ ಇವರದ. ಇವರು ಹಿಡಿತ ಬಿಟ್ಟು ನನ್ನನ್ನ ತಮ್ಮ ಹೆಗಲ ಮ್ಯಾಲೆ ಹೊತ್ಕೊಂಡ್ರು. 'ಕಣ ದಾಟಿದ್ರ ಸೋತಂಗ' ಅಂತ ಪಂಚರು ಕೂಗಿದ್ರು. ಕೇಳಲಿಲ್ಲ. ಡಾಕ್ಟರ ಮನಿತನಕ ಓಡಿದ್ರು."

ರಕ್ಷಾ ಅಪ್ಪನತ್ತ ತಿರುಗಿದಳು. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದರೂ ಈ ಮನುಷ್ಯ ಯಾರೆಂದು ತಾನು ಅರಿತೇ ಇರಲಿಲ್ಲವಲ್ಲ!

"ಯಾಕಪ್ಪಾ ಹೇಳ್ಲಿಲ್ಲ?"

"ಹೇಳೋದೇನಿದೆ?" ಎಂದರು ಹಾಲೇಗೌಡರು ನಾಚಿಕೊಂಡು. "ಕಣ ಬಿಟ್ಟೆ, ಸೋತೆ. ನಿಯಮ ಅಂದ್ರೆ ನಿಯಮ. ಪರಸಪ್ಪನವ್ರು ದೂರದಿಂದ ಬಂದಿದಾರೆ, ಮೊದ್ಲು ಕಾಫಿ ಕೊಡು."

ಅವಳು ಒಳಗೆ ಹೋಗಲಾರದೆ, ಗುಡ್ಡದಂಥ ಅಪ್ಪನನ್ನೇ ನೋಡುತ್ತ ನಿಂತಳು.