ಎಣ್ಣೆ ಹಚ್ಚಿ

ಮೊನ್ನೆ ಆಫೀಸಿನ ಕಬ್ಬಿಣದ ಬೀರು ಖಾಲಿ ಮಾಡುವಾಗ ಹಳೇ ಬ್ಯಾನರುಗಳ ಅಡಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಸೀಸೆ ಸಿಕ್ಕಿತು. ಒಳಗೆ ಎಣ್ಣೆ ಇತ್ತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಅಡುಗೆ ಎಣ್ಣೆಯ ವಾಸನೆಯಲ್ಲ, ತಲೆಗೆ ಹಾಕುವ ಎಣ್ಣೆಯದ್ದೂ ಅಲ್ಲ, ಆಸ್ಪತ್ರೆಯ ಪಡಸಾಲೆಯಲ್ಲಿ ಬರುವಂಥ ಒಂದು ಮಂಕು ವಾಸನೆ... ಬ್ಯಾನರುಗಳನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ. ಅಕ್ಕನ ನೆನಪಾಯಿತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಶಿಕಾರಿಪುರದ ನಮ್ಮ ಸಣ್ಣ ಸೇವಾಸಂಸ್ಥೆಯಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದವಳು. ಪೋಸ್ಟರು, ಕರಪತ್ರ, ಫೋನಿನಲ್ಲಿ ಹಾಕುವ ಚಿತ್ರ, ದಾನಿಗಳಿಗೆ ಶುಭಾಶಯ ಎಲ್ಲ ಅವಳದೇ. ನಾನು ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ಕುಟ್ಟುವವಳು. ಅವಳ ಊರು ಸೊರಬದ ಕಡೆ, ಉಳವಿಯಿಂದಲೂ ಒಳಗೆ, ಕಾಡಿನ ಅಂಚಿಗೆ. ನಾನು ದಾವಣಗೆರೆ ಕಡೆಗೆ ಹತ್ತಿರದ ಶಿಕಾರಿಪುರದವಳಾದ್ದರಿಂದ ನನ್ನ ಬಾಯಿ ಸ್ವಲ್ಪ ಜೋರು. "ನಿಂದು ದಾವಣಗೆರೆ ಮಂಡಕ್ಕಿ ಬಾಯಿ ಕಣೇ, ಒಂದೇ ಸಮ ಚರಪರ" ಎಂದು ರೇಗಿಸುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. ಅವಳೊಂದು ಮಾತು ಆಡಿ ಮುಗಿಸುವುದರೊಳಗೆ ಉಳವಿ ಬಸ್ಸೇ ಹೊರಟುಹೋಗುತ್ತದೆ ಎನ್ನುತ್ತಿದ್ದೆ.

ನವೆಂಬರ್ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತು ಇರುತ್ತಿರಲಿಲ್ಲ. ಡಿಸೆಂಬರ್ ಒಂದಕ್ಕೆ ಏಡ್ಸ್ ದಿನ, ಮೂರಕ್ಕೆ ಅಂಗವಿಕಲರ ದಿನ, ಹತ್ತಕ್ಕೆ ಮಾನವ ಹಕ್ಕುಗಳ ದಿನ, ಆಮೇಲೆ ಕ್ರಿಸ್‌ಮಸ್ಸು, ಅದರ ಬೆನ್ನಿಗೇ ಹೊಸ ವರ್ಷ. ವರ್ಷದ ಕೊನೆಗೇ ದಾನಿಗಳ ಕೈ ಸಡಿಲವಾಗುವುದಂತೆ. ಹಾಗಾಗಿ ಯಾವ ದಿನ ಏನು ಹಾಕಬೇಕು, ಯಾವ ಬಣ್ಣದ ರಿಬ್ಬನ್ ಇರಬೇಕು, ಯಾರ ನಗುಮುಖ ಇರಬೇಕು ಎಂಬುದೆಲ್ಲ ಬೆಂಗಳೂರಿನ ಮುಖ್ಯ ಕಚೇರಿಯಿಂದ ಮೊದಲೇ ತೀರ್ಮಾನವಾಗಿ ಬರುತ್ತಿತ್ತು. ನಮ್ಮ ಕೆಲಸ ಅದನ್ನು ಚಾಚೂ ತಪ್ಪದೆ ಮಾಡುವುದಷ್ಟೇ. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನಿಗೆ ಉರಿಯಲ್ಲ, ಸಂಕಟ.

ಯಾಕೆಂದರೆ ಅವಳ ಊರಿನವರು ಕಾಡಿಗೆ ಹೋಗಿ ದರಗು ಗುಡಿಸುತ್ತಿದ್ದುದು ಅದೇ ದಿನಗಳಲ್ಲಿ. ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಬೇಕಲ್ಲ. ಆ ಎಲೆಯೊಳಗೆ ರಕ್ತ ಹೀರುವ ಉಣುಗು ಇರುತ್ತದೆ. ಕಾಡಿನಲ್ಲಿ ಮಂಗ ಸತ್ತಿದ್ದರೆ ಅದರ ಮೈಮೇಲಿನ ಉಣುಗು ನೆಲಕ್ಕಿಳಿದು ಮನುಷ್ಯರನ್ನು ಕಚ್ಚುತ್ತದೆ, ಮಂಗನ ಕಾಯಿಲೆ ಹತ್ತುತ್ತದೆ. ಅಕ್ಕನ ಅವ್ವ ದಿನಾ ಬೆಳಗ್ಗೆ ಕುಕ್ಕೆ ಹೊತ್ತು ಕಾಡಿಗೆ ಹೋಗುವವಳು.

"ನೋಡೇ, ಪ್ರಪಂಚದಾಗಿನ ಎಲ್ಲಾ ಕಾಯಿಲೆಗೂ ಒಂದೊಂದು ದಿನ ಐತೆ. ನಮ್ಮ ಕಾಡಲ್ಲೇ ಹುಟ್ಟಿದ ಜ್ವರಕ್ಕೆ ಮಾತ್ರ ಇಲ್ಲ ಮಾರಾಯ್ತಿ" ಎಂದಳು ಒಂದು ಸಲ. ಡಿಸೆಂಬರ್ ಮೊದಲ ವಾರದಲ್ಲೇ ಇದರ ಪೋಸ್ಟರು ಹೋಗಬೇಕೆಂದು ಬೆಂಗಳೂರಿಗೆ ಫೋನ್ ಮಾಡಿದಳು. ಆ ಕಡೆಯವರು, ಡಿಸೆಂಬರ್ ಭರ್ತಿಯಾಗಿದೆ, ಜನವರಿ ಕೊನೆಗೆ ನೋಡೋಣ ಎಂದರು. "ಅಷ್ಟೊತ್ತಿಗೆ ದರಗು ಗುಡ್ಸೋದೇ ಮುಗ್ದಿರ್ತದೆ ಸರ್. ನಮ್ಮವ್ವ ಈಗ್ಲೇ ಹೋಗ್ತಿದಾಳೆ" ಎಂದಳು. ಎಂದೂ ದನಿ ಎತ್ತದವಳು ಆವತ್ತು ಫೋನು ಹಿಡಿದುಕೊಂಡು ಅತ್ತುಬಿಟ್ಟಳು. ಅವರು ಒಪ್ಪಿದರು.

ಅಕ್ಕ ಬರೆದು ಕಳಿಸಿದ್ದನ್ನು ಟೈಪ್ ಮಾಡಿದವಳು ನಾನೇ, ಇವತ್ತಿಗೂ ಬಾಯಿಪಾಠ ಇದೆ. ಕಾಡಿಗೆ ಹೋಗುವ ಮುನ್ನ ಕೈಕಾಲು, ಕುತ್ತಿಗೆ, ಸೊಂಟಕ್ಕೆ ಡೆಪ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಹುಯ್ದುಕೊಳ್ಳಿ, ಬಟ್ಟೆ ಬಿಸಿನೀರಿಗೆ ಹಾಕಿ. ಡೆಪ ಅಂದರೆ ಉಣುಗು ಹತ್ತಿರ ಬಾರದಂತೆ ಮೈಗೆ ಬಳಿದುಕೊಳ್ಳುವ ಎಣ್ಣೆ. ಪೋಸ್ಟರು ಅಚ್ಚಾಗಿ ಬಂದಾಗ ಅರ್ಧ ಜಾಗ ಸಂಸ್ಥೆಯ ಗುರುತಿಗೇ ಹೋಗಿತ್ತು. ಕೆಳಗೆ ಬಲೂನು, ನಕ್ಷತ್ರ, ಹೊಸ ವರ್ಷದ ಶುಭಾಶಯಗಳು. ಎರಡು ಕೆಲಸ ಒಂದೇ ಕಾಗದದಲ್ಲಿ ಮುಗಿಯಲಿ ಎಂದಿರಬೇಕು, ಪುಣ್ಯಾತ್ಮರು! ನಡುವೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಉಳಿದಿತ್ತು.

"ಕಾಡಿಗೆ ಹೋಗುವ ಮುನ್ನ ತಪ್ಪದೇ ಡೆಪ ಎಣ್ಣೆ ಹಚ್ಚಿ."

"ಇದೇನಕ್ಕ, ಹಿಂಗ ಕತ್ತರ‍್ಸಿದಾರ!" ಎಂದೆ. ಅವಳು ಪೋಸ್ಟರನ್ನು ಮೇಜಿನ ಮೇಲೆ ಹರಡಿ ಸುಮಾರು ಹೊತ್ತು ನೋಡಿದಳು. "ಹೋಗ್ಲಿ ಬಿಡೆ, ಜಾಗ ಸಿಕ್ತಲ್ಲ. ಮುಖ್ಯ ಮಾತು ಐತಲ್ಲ" ಎಂದಳು.

ಆ ವಾರ ಅವಳಿಗೆ ಊರಿಗೆ ಹೋಗಲು ಆಗಲಿಲ್ಲ. ಅಂಗವಿಕಲರ ದಿನದ ಕಾರ್ಯಕ್ರಮ ತಲೆಯ ಮೇಲಿತ್ತು. ಪೋಸ್ಟರುಗಳನ್ನೂ ಅವ್ವನಿಗೆಂದು ಒಂದು ಸೀಸೆ ಎಣ್ಣೆಯನ್ನೂ ಉಳವಿ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದಳು. ಅದರ ಜೊತೆಯ ಇನ್ನೊಂದು ಸೀಸೆ ಬೀರುವಿನಲ್ಲೇ ಉಳಿಯಿತು. ಮೊನ್ನೆ ನನಗೆ ಸಿಕ್ಕಿದ್ದು ಅದೇ ಇರಬೇಕು.

ಆಮೇಲೆ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಅವ್ವನಿಗೆ ಫೋನ್. ಸ್ಪೀಕರ್ ಹಾಕಿಕೊಂಡೇ ಮಾತಾಡುವಳು, ಹಾಗಾಗಿ ನನಗೂ ಕೇಳುತ್ತಿತ್ತು.

"ಅವ್ವಾ, ಎಣ್ಣೆ ಹಚ್ಚಿದ್ಯಾ?"

"ಹೂಂ ಕಣೇ, ಹಚ್ಚದೆ ಬಿಡ್ತೀನಾ? ಹಚ್ಚಿ, ಕೈ ಮುಗ್ದೇ ಹೋಗೋದು."

ಅಕ್ಕ ಬಾಯಲ್ಲಿನ ಅನ್ನ ಚೆಲ್ಲುವಷ್ಟು ನಕ್ಕಳು. "ಕೇಳಿದ್ಯಾ, ಮಗಳು ಕಳ್ಸಿದ ಎಣ್ಣೆಗೂ ಕೈ ಮುಗಿತಾಳೆ ನಮ್ಮವ್ವ." ನಾನೂ ನಕ್ಕೆ. ಎಷ್ಟು ಖುಷಿಯಾಗಿದ್ದಳು ಆಗ... ಡಿಸೆಂಬರಿನ ಅಷ್ಟೂ ದಿನಗಳ ನಡುವೆ ತನ್ನ ಅವ್ವನಿಗೆ ಒಂದು ಸಾಲು ತಲುಪಿಸಿದ್ದಳಲ್ಲ.

ಕ್ರಿಸ್‌ಮಸ್ ಮುಗಿದು ನಾವು ದಾನಿಗಳಿಗೆ ಹೊಸ ವರ್ಷದ ಶುಭಾಶಯ ಕಳಿಸುತ್ತಿದ್ದೆವು. ಊರಿನಿಂದ ಅಕ್ಕನ ಅತ್ತಿಗೆಯ ಫೋನ್ ಬಂತು, ಅವ್ವನಿಗೆ ಜ್ವರ, ಮಂಡಿ ಸೊಂಟ ಹಿಡಿದುಕೊಂಡಿದೆ, ಕಣ್ಣು ಕೆಂಡದಂತಾಗಿದೆ ಎಂದು. ಅಕ್ಕ ಎದ್ದವಳೇ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದಳು. ಸೊರಬದ ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ... ಶುಭಾಶಯ ಕಳಿಸುವುದು ಇನ್ನೂ ಮುಗಿದಿರಲಿಲ್ಲ, ಅವ್ವ ಹೋದಳು.

ನಮ್ಮ ಕಡೆ ಸತ್ತವರ ಕಾರ್ಯಕ್ಕೆ ದಿವಸ ಎನ್ನುತ್ತಾರೆ. ವರ್ಷವಿಡೀ ದಿನ ಆಚರಿಸುವ ಆಫೀಸಿನವರೆಲ್ಲ ಸೇರಿ ಅವ್ವನ ದಿವಸಕ್ಕೆ ಹೋದೆವು. ನಡುಮನೆಯಲ್ಲಿ ಅವ್ವನ ಫೋಟೊ ಇಟ್ಟು ಹೂವು ಹಾಕಿದ್ದರು. ಯಾರೋ ಹಿರಿಯರು ಅಕ್ಕನಿಗೆ "ದೀಪ ಹಚ್ಚವ್ವ" ಎಂದರು. ಅವಳು ಎಣ್ಣೆಗಾಗಿ ಅತ್ತಿತ್ತ ನೋಡಿದಳು. ಅತ್ತಿಗೆ ದೇವರ ಗೂಡಿಗೆ ಕೈ ಹಾಕಿ ಒಂದು ಸೀಸೆ ತಂದು ಕೊಟ್ಟಳು, ಅದೇ ಪ್ಲಾಸ್ಟಿಕ್ ಸೀಸೆ.

"ಇದನ್ನೇ ಹಚ್ಚು. ಅತ್ತೆಗೆ ಭಾಳ ಇಷ್ಟ ಇದು. ನಮ್ಮ ಮಗಳ ಆಫೀಸಿಂದು ದೀಪದ ಎಣ್ಣೆ ಅಂತ ಕೇರಿಗೆಲ್ಲ ಹೇಳ್ಕಂಡು ಬಂದಿದ್ರು. ಇದೊಂದನ್ನೇ ಹಚ್ಚಿದ್ರೆ ಹೊಗೆ ಬರ್ತದೆ ಅಂತ ಒಳ್ಳೆಣ್ಣೆ ಸೇರ್ಸೋರು. ಕಾಗದದಲ್ಲಿ ಬರ್ದಂಗೆ ಒಂದು ದಿನಾನೂ ತಪ್ಪಿಸ್ಲಿಲ್ಲ ನೋಡು, ಹಚ್ಚೇ ಕಾಡಿಗೆ ಹೋಗೋರು" ಎಂದಳು. ಪಾಪ, ಅತ್ತೆಯನ್ನು ಹೊಗಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಅಕ್ಕ ಸೀಸೆಯನ್ನು ಕೈಯಲ್ಲಿ ಹಿಡಿದೇ ಕೊಟ್ಟಿಗೆಯ ಬಾಗಿಲಿಗೆ ಹೋದಳು. ಪೋಸ್ಟರನ್ನು ಅಲ್ಲಿ ಅಂಟಿಸಿದ್ದರು. ನಾನು ಹಿಂದೆಯೇ ಹೋದೆ. ಬಲೂನು, ನಕ್ಷತ್ರ, ಆ ಒಂದು ಸಾಲು. ಡೆಪ ಅಂತ ಯಾರೋ ಓದಿ ಹೇಳಿದ್ದು ಅವ್ವನ ಕಿವಿಗೆ ದೀಪ ಅಂತ ಬಿದ್ದಿತ್ತು. ಹಚ್ಚಿ ಅನ್ನುವುದಕ್ಕೆ ಇನ್ನೇನು ಅರ್ಥ ಮಾಡಿಕೊಳ್ಳಬೇಕಿತ್ತು ಆ ಜೀವ?

"ಹಚ್ಚಿ ಅಂತ ನಾನೇ ಅಲ್ವೇನೇ ಬರ್ದಿದ್ದು..." ಎಂದಳು.

"ಇಲ್ಲಕ್ಕ. ನೀನು ಹಚ್ಚಿಕೊಳ್ಳಿ ಅಂತ ಬರ್ದಿದ್ದಿ. ಕೈಕಾಲಿಗೆ ಅಂತನೂ ಬರ್ದಿದ್ದಿ. ನಾನೇ ಟೈಪ್ ಮಾಡೀನಿ."

"ಹೌದಾ?" ಎಂದಳು. ಆ ಸಾಲಿನ ಮೇಲೆ ಬೆರಳಾಡಿಸಿ, "ಹೋಗ್ಲಿ ಬಿಡು ಅಂದೋಳೂ ನಾನೇ ಅಲ್ವಾ" ಎಂದಳು.

ಆವತ್ತು ದೀಪವನ್ನು ಅತ್ತಿಗೆಯೇ ಹಚ್ಚಿದಳು, ಬೇರೆ ಎಣ್ಣೆ ಹಾಕಿ.

ಅಕ್ಕ ಮತ್ತೆ ಆಫೀಸಿಗೆ ಬರಲಿಲ್ಲ. ನನ್ನ ಫೋನ್ ಎರಡು ಮೂರು ಸಲ ಎತ್ತಿದಳು, ಆಮೇಲೆ ಎತ್ತಲಿಲ್ಲ. ಶಿರಾಳಕೊಪ್ಪದಲ್ಲಿ ಬಟ್ಟೆ ಅಂಗಡಿಗೆ ಸೇರಿದ್ದಾಳೆ ಎಂದು ಯಾರೋ ಹೇಳಿದರು. ಒಂದು ಸಲ ಹುಡುಕಿಕೊಂಡು ಹೋಗಿದ್ದೆ. ಸೀರೆ ಮಡಚುತ್ತಾ ನಿಂತಿದ್ದಳು. ಚೆನ್ನಾಗಿದ್ದೀಯಾ ಎಂದಳು, ಟೀ ತರಿಸಿದಳು. ಬಿಲ್ಲು ಬರೆಯುವ ಸರದಿ ಬಂದಾಗ ಪಕ್ಕದ ಹುಡುಗಿಯ ಕಡೆ ಪೆನ್ನು ತಳ್ಳಿದ್ದನ್ನು ನೋಡಿದೆ. ಅಷ್ಟು ಮುದ್ದಾದ ಅಕ್ಷರ ಅವಳದು. ನಾನು ಟೀ ಅರ್ಧಕ್ಕೇ ಬಿಟ್ಟು ಬಂದೆ.

ಈಗ ಅವಳ ಮೇಜು ನನ್ನದು. ಈ ವರ್ಷದ ಡಿಸೆಂಬರ್ ಯೋಜನೆಯೂ ನನ್ನದೇ. ಏಡ್ಸ್ ದಿನಕ್ಕೂ ಮೊದಲು, ನವೆಂಬರಿನಲ್ಲೇ ಉಣುಗಿನ ಪೋಸ್ಟರು ಹಾಕಿಸುತ್ತಿದ್ದೇನೆ. ಅದರಲ್ಲಿ ಬಲೂನು ಇಲ್ಲ. ಸೀಸೆ ಸಿಕ್ಕ ದಿನ ಮಧ್ಯಾಹ್ನವೇ ಬೆಂಗಳೂರಿನಿಂದ ಹೊಸ ಹುಡುಗಿಯೊಬ್ಬಳ ಫೋನ್ ಬಂತು. ಚಿತ್ರ ಬರೆಯುವವಳು, ಒಳ್ಳೆಯ ಹುಡುಗಿ.

"ಮೇಡಂ, ಸಾಲು ಸ್ವಲ್ಪ ಉದ್ದ ಆಗ್ತಿದೆ. ಮೈಗೆ ಹಚ್ಚಿಕೊಳ್ಳಿ ಅನ್ನೋ ಬದಲು ಬರೀ ಎಣ್ಣೆ ಹಚ್ಚಿ ಅಂದ್ರೆ ಸಾಕಲ್ವಾ? ಅದನ್ನ ಯಾರು ತಪ್ಪು ತಿಳ್ಕೋತಾರೆ?"

ಸೀಸೆ ಮೇಜಿನ ಮೇಲೇ ಇತ್ತು.

"ಒಬ್ರು ತಿಳ್ಕಂಡಿದ್ರು ಕಣಮ್ಮ" ಎಂದೆ.