ಹಸನಾಕ ಹಾಕದ ಚುಕ್ಕೆ

ಬೆರಳ ಗಂಟಿನಿಂದ ಬಡಿದು ನೋಡದೆ ಹಸನಾಕ ಯಾವುದನ್ನೂ ನಂಬಿದವರಲ್ಲ. ಹಲಸಿನಹಣ್ಣಿರಲಿ, ಕುಂಬಳಕಾಯಿ ಇರಲಿ, ಮೊದಲು ಎರಡು ಬಡಿತ. ಬೋಳಾರದ ಚಾ ಹೋಟೆಲಿನಲ್ಲಿ ಗ್ಲಾಸನ್ನು ಬಡಿದು, "ಇದು ಒಡೆದುಂಟು ಮಾರಾಯ, ಬೇರೆ ಕೊಡು" ಎಂದು ಹಿಂದೆ ಕಳಿಸುತ್ತಿದ್ದರು. ಹೋಟೆಲಿನವನು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ಕಾಣದಿದ್ದರೂ ಅವನು ಬೇರೆ ಗ್ಲಾಸು ಕೊಡುತ್ತಿದ್ದ. ಹಸನಾಕರೊಡನೆ ವಾದ ಮಾಡಿ ಗೆದ್ದವರಿಲ್ಲ.

ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಅವರ ಕೆಲಸವೇ ಅದು. ಸುಟ್ಟು ತೆಗೆದ ಹಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳಿನಿಂದ ಬಡಿಯಬೇಕು. 'ಟಣ್' ಎಂದರೆ ಒಂದನೇ ನಂಬ್ರ. ಸದ್ದು ಮಂಕಾದರೆ ಹಂಚು ಸರಿಯಾಗಿ ಬೆಂದಿಲ್ಲ, ಮಳೆಯಲ್ಲಿ ನೀರು ಕುಡಿಯುತ್ತದೆ. ಅದು ಎರಡನೇ ನಂಬ್ರ. ಒಂದನೇ ನಂಬ್ರದ ಅಟ್ಟಿಯ ಮೇಲೆ ಸುಣ್ಣದ ಒಂದು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಬಿದ್ದ ಹಂಚನ್ನು ಮತ್ತೆ ಯಾರೂ ಪರೀಕ್ಷಿಸುತ್ತಿರಲಿಲ್ಲ, ಅದು ನೇರವಾಗಿ ಮಂಜಿ ಹಡಗಿಗೆ ಏರುತ್ತಿತ್ತು.

ನಾನು ಪಡೀಲಿನ ಅರ್ಚಕರೊಬ್ಬರ ಮಗ. ಎಸ್ಸೆಸ್ಸೆಲ್ಸಿ ಪಾಸಾಗಿ, ಎಲ್ಲೂ ಕೆಲಸ ಸಿಗದೆ ಐವತ್ತರ ದಶಕದ ಕೊನೆಗೆ ಅಲ್ಲಿ ಸೇರಿದೆ. ಮೊದಲ ದಿನ ನನ್ನ ಬಿಳಿ ಪಂಚೆ ನೋಡಿ ಹಸನಾಕ ನಕ್ಕುಬಿಟ್ಟರು: "ಭಟ್ರೇ, ಇಲ್ಲಿ ಮಂಗಳಾರತಿ ಇಲ್ಲ, ಧೂಳು ಮಾತ್ರ ಉಂಟು." ಉಳಿದವರೊಡನೆ ತುಳುವಿನಲ್ಲಿ ಮಾತಾಡುವ ಅವರು ನನ್ನೊಡನೆ ಮಾತ್ರ ಕನ್ನಡವೇ. ಕಲಿತವರಿಗೆ ಕೊಡಬೇಕಾದ ಮರ್ಯಾದೆ ಅದು ಎಂದು ಅವರ ಎಣಿಕೆ. ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರೂ ಒಮ್ಮೆಯೂ ಏಕವಚನದಲ್ಲಿ ಕರೆಯಲಿಲ್ಲ.

ನನ್ನ ಕಣ್ಣು ಮುಚ್ಚಿಸಿ ಹಂಚು ಬಡಿಸಿ ಬಡಿಸಿ ಕಲಿಸಿದರು. ಬಣ್ಣ ನೋಡಿ ತೀರ್ಮಾನ ಹೇಳಿದರೆ ಸಿಟ್ಟು ಬರುತ್ತಿತ್ತು. "ಕಣ್ಣು ಲಂಚ ತಿನ್ನುತ್ತದೆ ಭಟ್ರೇ, ಕಿವಿ ತಿನ್ನುವುದಿಲ್ಲ." ಮೂರು ವರ್ಷ ಕಳೆದ ಮೇಲೆ ತಾವೇ ಧಣಿಗಳ ಬಳಿ ಹೋಗಿ ಮಾತಾಡಿ, ಸುಣ್ಣದ ಬಟ್ಟಲನ್ನು ನನ್ನ ಕೈಗೂ ಕೊಡಿಸಿದರು. "ನಾನು ಬಿಟ್ಟ ಮೇಲೆ ಇಲ್ಲಿ ನೀವೇ" ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಅದೇ ಬೇಸಗೆಯಲ್ಲಿ ನನಗೆ ಪಣಂಬೂರಿನಿಂದ ಕಾಗದ ಬಂತು. ಅಲ್ಲಿ ಹೊಸ ಬಂದರಿನ ಕೆಲಸ ಶುರುವಾಗಿತ್ತು. ಗುತ್ತಿಗೆದಾರರೊಬ್ಬರ ಆಫೀಸಿನಲ್ಲಿ ಗುಮಾಸ್ತನ ಜಾಗ, ತಿಂಗಳೊಳಗೆ ಉತ್ತರ ಕೊಡಬೇಕು. ಕುರ್ಚಿ ಸಿಗುವಾಗ ಮಣ್ಣು ಹೊರುವುದೇಕೆ ಎಂದು ತಂದೆಯವರು. ನನಗೂ ಆಸೆ ಇತ್ತು. ಆದರೆ ಕಲಿತ ವಿದ್ಯೆ ಬಿಟ್ಟು ಹೋಗಲು ಮನಸ್ಸು ಬಾರದು. ಬೆಳಿಗ್ಗೆ ಹೋಗುವುದೆಂದು ನಿಶ್ಚಯ, ಸಂಜೆಗೆ ಇರುವುದೆಂದು ನಿಶ್ಚಯ. ಈ ವಿಷಯ ಕೇಳಬೇಕಾದವರು ಒಬ್ಬರೇ ಇದ್ದರು, ಅವರಿಗೆ ಮಾತ್ರ ನಾನು ಹೇಳಲಿಲ್ಲ. ಅವರ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

"ಎಂತ ಭಟ್ರೇ, ಮಾತೇ ಇಲ್ಲ?" ಎಂದು ಒಂದು ದಿನ ಅವರೇ ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ: ಹಲ್ಲುನೋವು. ಮರುದಿನ ಉಳ್ಳಾಲದಿಂದ ದೋಣಿಯಲ್ಲಿ ಹೊಳೆ ದಾಟಿ ಬರುವಾಗ ಮನೆಯಿಂದ ಲವಂಗ ಕಟ್ಟಿ ತಂದಿದ್ದರು. "ಹಲ್ಲಿನ ಅಡಿಗೆ ಹಾಕಿ ಕಚ್ಚಿಕೊಳ್ಳಿ, ಉಗುಳಬೇಡಿ" ಎಂದು ಎದುರು ನಿಂತರು. ಗಟ್ಟಿ ಹಲ್ಲಿನ ಅಡಿಯಲ್ಲಿ ಲವಂಗ ಇಟ್ಟುಕೊಂಡು ನೋವಿನ ಮುಖ ಮಾಡಿದೆ. ಇಂದಿಗೂ ಲವಂಗದ ವಾಸನೆಗೆ ನನ್ನ ಮುಖ ಬಿಸಿಯಾಗುತ್ತದೆ.

ಆ ವಾರವೇ ಮಳೆಗಾಲದ ಮೊದಲಿನ ಕೊನೆಯ ಮಂಜಿ ಹೊರಡುವುದಿತ್ತು. ಹಸನಾಕ ಬಂದರಿನ ಧಕ್ಕೆಯಲ್ಲಿ ಹಡಗಿಗೆ ಹಂಚು ಏರಿಸುವುದನ್ನು ನೋಡಲು ಹೋಗಿದ್ದರು. ಕಾರ್ಖಾನೆಯಲ್ಲಿ ಉಳಿದ ಕೊನೆಯ ಅಟ್ಟಿಗಳೆಲ್ಲ ನನ್ನ ಪಾಲು. ಇಡೀ ಮಧ್ಯಾಹ್ನ ಬಡಿದೆ. ಬಡಿದದ್ದು ಕೈ ಮಾತ್ರ. ತಲೆಯೊಳಗೆ ನಾನು ಪಣಂಬೂರಿಗೆ ಉತ್ತರ ಬರೆಯುತ್ತಿದ್ದೆ, ಹರಿಯುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ. ಯಾವ ಹಂಚು ಏನು ಸದ್ದು ಮಾಡಿತೋ ದೇವರೇ ಬಲ್ಲ. ಎಲ್ಲ ಅಟ್ಟಿಗೂ ಚುಕ್ಕೆ ಇಟ್ಟೆ. ಸಂಜೆ ಕೈ ತೊಳೆಯುವಾಗ, ಇನ್ನೊಮ್ಮೆ ನೋಡಬೇಕಿತ್ತು ಅನಿಸಿತು. ನೋಡಲಿಲ್ಲ.

ಎಂಟು ದಿನದಲ್ಲಿ ರಾಜೀನಾಮೆ ಕೊಟ್ಟೆ, ಅದೂ ಸೀದಾ ಧಣಿಗಳಿಗೆ. ಹಸನಾಕರಿಗೆ ಅವರ ಬಾಯಿಯಿಂದಲೇ ಗೊತ್ತಾದದ್ದು. ನಾನು ಹೇಳಿಹೋಗಲು ಬಂದಾಗ ಅವರು ಹಂಚು ಕೆಳಗಿಟ್ಟು ನೋಡಿದರು.

"ಒಳ್ಳೆದಾಗಲಿ ಭಟ್ರೇ. ಹಲ್ಲುನೋವು ಈಗ ಕಡಿಮೆ ಉಂಟಲ್ಲ?"

ಮಳೆಗಾಲ ಮುಗಿದ ಮೇಲೆ ಕಾರ್ಖಾನೆಯ ಗಾಡಿಯವನೊಬ್ಬ ಪಣಂಬೂರಿನಲ್ಲಿ ಸಿಕ್ಕಿ ಸುದ್ದಿ ಹೇಳಿದ. ಕೊನೆಯ ಮಂಜಿಯಲ್ಲಿ ಹೋದ ಹಂಚು ಹೊದೆಸಿದ ಮನೆಗಳ ಮಾಡೆಲ್ಲ ಸೋರಿ ದೊಡ್ಡ ತಕರಾರು ಬಂದಿತ್ತಂತೆ. ಚುಕ್ಕೆ ಇಟ್ಟವರು ಯಾರೆಂದು ಧಣಿಗಳು ಕೇಳಿದಾಗ ಹಸನಾಕ, "ನನ್ನದೇ. ಕಿವಿ ಮೊದಲಿನ ಹಾಗೆ ಇಲ್ಲ" ಎಂದರಂತೆ. ಸುಣ್ಣದ ಬಟ್ಟಲು ಅವರ ಕೈತಪ್ಪಿತು. ಈಗ ಒಡಕು ಹಂಚು ಹೆಕ್ಕಿ ರಾಶಿ ಹಾಕುವ ಕೆಲಸ. "ವಯಸ್ಸಾಯ್ತಲ್ಲ ಪಾಪ" ಎಂದ ಗಾಡಿಯವ. ನಾನೂ "ಪಾಪ" ಎಂದೆ.

ಹೋಗಿ ಹೇಳಬೇಕಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ಹೆಂಡತಿ ಬಸುರಿ. ಕಾಯಂ ಆದ ಮೇಲೆ ಎಂದುಕೊಂಡೆ, ಹೆರಿಗೆ ಆದ ಮೇಲೆ ಎಂದುಕೊಂಡೆ. ಎರಡೂ ಆದವು. ಒಮ್ಮೆ ಕಾರ್ಖಾನೆಯ ಗೇಟಿನವರೆಗೆ ಹೋಗಿ, ಒಳಗಿನಿಂದ ಹಂಚಿನ ಸದ್ದು ಕೇಳಿ ಹಿಂದೆ ಬಂದೆ. ಹೀಗೆ ಮೂರು ವರ್ಷ ಕಳೆದವು.

ಕೊನೆಗೆ ಅವರು ಸಿಕ್ಕಿದ್ದು ಉಳ್ಳಾಲಕ್ಕೆ ಹೋಗುವ ದೋಣಿಯ ಕಡವಿನಲ್ಲಿ, ಸಂಜೆ. ಕೆಲಸ ಬಿಟ್ಟಿದ್ದರು, ಮೈ ಬಹಳ ಇಳಿದುಹೋಗಿತ್ತು. ನನ್ನನ್ನು ಕಂಡು ನಕ್ಕರು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

"ಹಸನಾಕ, ಆ ಹಂಚು... ಅದು ನಾನು..."

"ನನಗೆ ಹೇಳುವುದೆಂತ ಭಟ್ರೇ? ನಾನು ಮುಟ್ಟದ ಹಂಚು ನನಗೆ ಗೊತ್ತಿಲ್ವಾ? ಹೇಳಬೇಕಾದ್ದು ಧಣಿಗಳಿಗೆ."

"ನಾಳೆಯೇ ಹೋಗಿ ಹೇಳ್ತೇನೆ."

"ಧಣಿಗಳು ತೀರಿಹೋಗಿ ವರ್ಷ ಆಯ್ತಲ್ಲ."

ನೀವೇಕೆ ಒಪ್ಪಿಕೊಂಡಿರಿ ಎಂದು ಕೇಳಿದೆ. ಅದನ್ನು ಕೇಳುವ ಯೋಗ್ಯತೆ ನನಗಿರಲಿಲ್ಲ.

"ನೀವು ಹೊಸದಾಗಿ ಸೇರಿದ್ದು. ಸುದ್ದಿ ಅಲ್ಲಿಗೆ ಮುಟ್ಟಿದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಅಂತ ಆಗ್ತದೆ. ಸದ್ಯಕ್ಕೆ ನನ್ನದು ಅಂತ ಹೇಳಿದೆ. ಗೊತ್ತಾದ ಕೂಡಲೇ ನೀವು ಬರ್ತೀರಿ ಅಂತ ಎಣಿಸಿದ್ದೆ." ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ದೋಣಿಯವನು ಕರೆದ. ಎದ್ದವರು ನಿಂತು ಕೇಳಿದರು: "ಅದಿರಲಿ. ಅಲ್ಲಿ ಕೆಲಸ ಖುಷಿ ಉಂಟಾ?"

ಇಲ್ಲ ಎನ್ನಬೇಕೆಂದು ಆಸೆಯಾಯಿತು. ಅಲ್ಲಿ ಕಷ್ಟಪಡುತ್ತಿದ್ದೇನೆ ಎಂದಿದ್ದರೆ ನನ್ನ ಪಾಪ ಸ್ವಲ್ಪವಾದರೂ ಹಗುರವಾಗುತ್ತಿತ್ತೋ ಏನೋ. ಆದರೆ ಇನ್ನೊಂದು ಸುಳ್ಳು ಅವರೆದುರು ಬರಲಿಲ್ಲ.

"ಉಂಟು ಹಸನಾಕ."

"ಹಾಗಾದರೆ ಹೋದದ್ದು ಒಳ್ಳೆದೇ ಆಯ್ತು" ಎಂದು ಅವರು ದೋಣಿ ಹತ್ತಿದರು.

ಮರುವರ್ಷ ತೀರಿಕೊಂಡರಂತೆ. ನಾನು ಪಣಂಬೂರಿನಲ್ಲಿಯೇ ಉಳಿದೆ, ಬಡ್ತಿಯೂ ಸಿಕ್ಕಿತು. ನನ್ನ ಕೆಲಸ ನನಗೆ ಕೊನೆಯವರೆಗೂ ಇಷ್ಟವಾಗಿಯೇ ಇತ್ತು.